ಹೊಸದು ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ ಜನರ ಬಾಯಲ್ಲಿ ಎಸ್‌.ಪಿ. ರೋಡ್. ಅಲ್ಲಿ ಮೆಟ್ಟಿಲ ಕೆಳಗಿನ ಒಂದು ಪುಟ್ಟ ರಿಪೇರಿ ಅಂಗಡಿ. ಬಿ.ಕಾಂ. ಓದುವ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ನಿಂತಿದ್ದಳು. 2018ರಲ್ಲಿ ಅಣ್ಣನಿಗೆಂದು ಕೊಂಡಿದ್ದು, ಈಗ ಅವಳ ಪಾಲಿಗೆ ಬಂದಿದೆ. ಸ್ವಿಚ್ ಒತ್ತಿದರೆ ಪರದೆ ಕೆಲಸಕ್ಕೆ ಸಿಗಲು ನಾಲ್ಕು ನಿಮಿಷ. ಎಕ್ಸೆಲ್ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: "ಅದನ್ನ ಬಿಸಾಕು, ಹೊಸದು ತಗೋ."

ಅಂಗಡಿಯವನು ಮಾತಾಡದೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚತೊಡಗಿದ. ಬಿಚ್ಚಿದ ಒಂದೊಂದನ್ನೂ ಅಯಸ್ಕಾಂತದ ತಟ್ಟೆಯ ಮೇಲೆ, ಅದು ಇದ್ದ ಜಾಗದ ಕ್ರಮದಲ್ಲೇ ಇಟ್ಟ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಒಳಗಿನ ಬೋರ್ಡಿಗೆ ಪೆಟ್ಟು. ಮುಚ್ಚಳ ತೆಗೆದಾಗ ಫ್ಯಾನಿನ ಬಾಯಿಗೆ ಹಳೆ ಹಾಸಿಗೆಯ ಹತ್ತಿಯಂತೆ ಧೂಳು ಮೆತ್ತಿಕೊಂಡಿತ್ತು. ಪಕ್ಕದಲ್ಲೇ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್. ಬ್ರಷ್ಷಿನಿಂದ ಧೂಳು ತೆಗೆದ. ಹಾರ್ಡ್‌ಡಿಸ್ಕ್ ಎತ್ತಿ ಅದೇ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿದ. ಖಾಲಿ ಬಿದ್ದಿದ್ದ ಸ್ಲಾಟಿಗೆ ಇನ್ನೊಂದು ರ‍್ಯಾಮ್ ಪಟ್ಟಿಯನ್ನು 'ಟಕ್' ಎನ್ನುವವರೆಗೆ ಒತ್ತಿದ. ವಿಂಡೋಸ್ ಹೊಸದಾಗಿ ಹಾಕಿ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಸ್ವಿಚ್ ಒತ್ತಿದರೆ ಅರ್ಧ ನಿಮಿಷದೊಳಗೆ ಪರದೆ ಸಿದ್ಧ. ಇಷ್ಟಕ್ಕೂ ಆದ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಕಾಲು ಭಾಗ ಮುಟ್ಟಲಿಲ್ಲ.

ಇದರಲ್ಲಿ ಮಂತ್ರವೇನೂ ಇಲ್ಲ. ಆ ಕಾಲದ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿನೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಅತ್ತಿತ್ತ ಓಡಾಡುವ ಮುಳ್ಳು. ಯಂತ್ರ ಎಚ್ಚರಗೊಳ್ಳುವಾಗ ವಿಂಡೋಸ್ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು ಕೇಳುತ್ತದೆ. ಒಂದೊಂದಕ್ಕೂ ಮುಳ್ಳು ಜಾಗ ಹುಡುಕಿಕೊಂಡು ಹೋಗಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಎಲ್ಲವೂ ಚಿಪ್. ನಿಧಾನವಾಗಿದ್ದದ್ದು ಆ ಒಂದು ತಟ್ಟೆ. ಬೈಸಿಕೊಂಡದ್ದು ಮಾತ್ರ ಇಡೀ ಲ್ಯಾಪ್‌ಟಾಪ್.

ಕಂಪ್ಯೂಟರ್, ಮೊಬೈಲ್, ಟಿ.ವಿ. ಎಂದರೆ ಸಲಹೆ ಕೊಡುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಎಂಜಿನಿಯರಿಂಗ್ ಓದುವ ಅಕ್ಕನ ಮಗ, ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಳಿಯ, ಆಫೀಸಿನಲ್ಲಿ ಪ್ರಿಂಟರ್ ಸರಿಮಾಡಿ ಹೆಸರು ಗಳಿಸಿದ ಸಹೋದ್ಯೋಗಿ. ದಸರಾ-ದೀಪಾವಳಿ ಸೇಲ್ ಶುರುವಾದರೆ ಅವರ ಫೋನಿಗೆ ಬಿಡುವಿಲ್ಲ. "ನಲವತ್ತು ಸಾವಿರದೊಳಗೆ ಯಾವ ಲ್ಯಾಪ್‌ಟಾಪ್ ಒಳ್ಳೇದು?" ಎಂದು ಕೇಳಿದವರಿಗೆ ಅವರು ಐದು ನಿಮಿಷದಲ್ಲಿ ಎರಡು ಮಾಡೆಲ್ ಹೆಸರು ಕಳಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಆದರೆ ಮನೆಯಲ್ಲಿ ಈಗಿರುವುದಕ್ಕೆ ಏನಾಗಿದೆ ಎಂದು ತಿರುಗಿ ಕೇಳುವವರು ತೀರಾ ಕಡಿಮೆ. ವೈದ್ಯರು ನಾಡಿ ಮುಟ್ಟದೆ ಔಷಧಿ ಬರೆದರೆ ಸಿಟ್ಟಾಗುವ ಜನ, ಇಲ್ಲಿ ಮಾತ್ರ ಯಂತ್ರ ನೋಡದೆ ಬರೆದ ಚೀಟಿ ಹಿಡಿದು ನೇರವಾಗಿ ಅಂಗಡಿಗೆ ನಡೆಯುತ್ತಾರೆ.

ಕೇಳದೆ ಕೊಟ್ಟ ಸಲಹೆ ಎಷ್ಟು ಕೆಡಿಸಬಲ್ಲದು ಎಂಬುದಕ್ಕೆ ತಾಲ್ಲೂಕು ಕೇಂದ್ರದ ಯಾವುದೇ ಡಿಟಿಪಿ ಅಂಗಡಿಯನ್ನು ನೋಡಬಹುದು. ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲವೂ ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಕಡತಗಳಾಗಿ ಕೂತಿರುತ್ತವೆ. ಅಡೋಬಿಯ ಪೇಜ್‌ಮೇಕರ್ 2001ರ ಏಳನೇ ಆವೃತ್ತಿಗೇ ನಿಂತುಹೋದ ತಂತ್ರಾಂಶ, ಯುನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ. ಒಳಗಿರುವ ಅಕ್ಷರಗಳೆಲ್ಲ ಯುನಿಕೋಡ್‌ಗಿಂತ ಹಿಂದಿನ ನುಡಿಯದೋ ಶ್ರೀಲಿಪಿಯದೋ ಫಾಂಟು. ಇಂಥ ಅಂಗಡಿಗೆ ಬಂದವರೊಬ್ಬರು "ಈ ಡಬ್ಬ ತೆಗೆದುಹಾಕಿ, ಹೊಸದು ಹಾಕಿಸಿ" ಅಂದರೆ, ಹೊಸ ಯಂತ್ರದಲ್ಲಿ ಆ ಕಡತ ತೆರೆಯದೆ, ತೆರೆದರೂ ಅಕ್ಷರದ ಬದಲು ಇಂಗ್ಲಿಷಿನ ಕಲಸುಮೇಲೋಗರ ಕಂಡು, ಮಾಲೀಕ ಮದುವೆ ಸೀಸನ್ನಿನ ನಡುವೆ ಕೈಕಟ್ಟಿ ಕೂರಬೇಕಾದೀತು. ಆ ಮಾಲೀಕನಿಗೆ ಬೇಕಿರುವ ಸಲಹೆ ಬೇರೆ: ಹಳೆಯ ಯಂತ್ರವನ್ನು ಇಂಟರ್ನೆಟ್‌ನಿಂದ ದೂರವಿಟ್ಟು ಹಾಗೇ ಉಳಿಸಿಕೊಳ್ಳಿ, ಕಡತಗಳ ಇನ್ನೊಂದು ಪ್ರತಿ ಮಾಡಿಡಿ, ಹೊಸ ಕೆಲಸವನ್ನು ನಿಧಾನವಾಗಿ ಯುನಿಕೋಡಿಗೆ ತನ್ನಿ.

ಇನ್ನು ಕೆಲವು ಸಲಹೆಗಳು ಕಾರಣ ಸತ್ತ ಮೇಲೂ ಬದುಕಿಕೊಂಡಿವೆ. "ಹೊಸ ಫೋನನ್ನು ಎಂಟು ಗಂಟೆ ಚಾರ್ಜಿಗಿಟ್ಟೇ ಬಳಸಬೇಕು", "ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಬೇಕು" ಎಂಬ ಮಾತು ಇವತ್ತಿಗೂ ಅಂಗಡಿಯ ಕೌಂಟರಿನಲ್ಲಿ ಕೇಳುತ್ತದೆ. ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು. ಆ ಬ್ಯಾಟರಿಗಳು ಅರ್ಧದಲ್ಲೇ ಚಾರ್ಜ್ ಮಾಡಿಸಿಕೊಳ್ಳುವ ಅಭ್ಯಾಸಕ್ಕೆ ಬಿದ್ದು, ಕ್ರಮೇಣ ಅಷ್ಟೇ ಶಕ್ತಿ ಕೊಡಲು ಶುರುಮಾಡಬಹುದಿತ್ತು. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ರಸಾಯನ ವಿಜ್ಞಾನಕ್ಕೆ 2019ರಲ್ಲಿ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಈ ಬ್ಯಾಟರಿಯ ಸ್ವಭಾವ ಹಳೆಯದಕ್ಕೆ ಪೂರ್ತಿ ಉಲ್ಟಾ. ಸೊನ್ನೆಗೆ ಇಳಿಯುವುದು ಅದಕ್ಕೆ ಆಗಿಬರುವುದಿಲ್ಲ, ನೂರರಲ್ಲೇ ಗಂಟೆಗಟ್ಟಲೆ ಕೂರುವುದೂ ಒಗ್ಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ವೈರಿ ಶಾಖ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿಯ ರಸ್ತೆ ಬದಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಮ್ಯಾಪ್ ಹಾಕಿ, ಚಾರ್ಜರ್ ಸಿಕ್ಕಿಸಿಟ್ಟ ಫೋನಿಗೆ ಮೂರು ಕಡೆಯ ಶಾಖವೂ ಒಟ್ಟಿಗೆ.

ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಇದೇ ಸಾಲಿನದು. ಹಾಗೆ ಮಾಡಬೇಡಿ, ಅಕ್ಕಿಯ ಸಣ್ಣ ಕಣಗಳು ಒಳಹೊಕ್ಕು ಫೋನನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಬರೆದಿದೆ. ತಕ್ಷಣ ಆಫ್ ಮಾಡಿ, ಚಾರ್ಜರ್ ಮುಟ್ಟದೆ, ತೂತು ಕೆಳಮುಖವಾಗಿರುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಟ್ಟು ಕಾಯುವುದು ಅಕ್ಕಿಗಿಂತ ಎಷ್ಟೋ ಮೇಲು.

ಬ್ಯಾಟರಿ ವಿಷಯದಲ್ಲಿ ಆಪಲ್‌ನದೇ ಇನ್ನೊಂದು ಪ್ರಸಂಗವನ್ನು ಸಲಹೆ ಕೊಡುವವರು ಮರೆಯಬಾರದು. ಬ್ಯಾಟರಿ ಸವೆದ ಹಳೆಯ ಐಫೋನ್‌ಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿರುವುದಾಗಿ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನ್ ಏಕಾಏಕಿ ಆಫ್ ಆಗದಿರಲೆಂದು ಹಾಗೆ ಮಾಡಿದೆವು ಎಂಬುದು ಅದರ ವಿವರಣೆ. ಆದರೆ ಬಳಕೆದಾರರಿಗೆ ಆ ವಿಷಯ ಗೊತ್ತಿರಲಿಲ್ಲ. "ಫೋನಿಗೆ ವಯಸ್ಸಾಯಿತು" ಎಂದುಕೊಂಡು ಹೊಸದು ಕೊಂಡವರೆಷ್ಟೋ. ಗಲಾಟೆಯಾದ ಮೇಲೆ ಕಂಪನಿ ಬ್ಯಾಟರಿ ಬದಲಾವಣೆಯ ಶುಲ್ಕವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಮೊಕದ್ದಮೆ ಇತ್ಯರ್ಥಕ್ಕೆ 50 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಬ್ಯಾಟರಿ ಬದಲಾಯಿಸಿಕೊಂಡವರ ಹಳೆಯ ಫೋನ್ ಮತ್ತೆ ಮೊದಲಿನಂತೆ ಓಡಿತು. ನಾಲ್ಕು ವರ್ಷದ ಫೋನ್ ಸುಸ್ತಾಗಿದೆ ಎಂದು ಯಾರಾದರೂ ಹೇಳಿದಾಗ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು.

ನಮ್ಮ ನಾಡಿಗೇ ಸೇರಿದ ಕೆಲವು ಕಷ್ಟಗಳಿವೆ, ಇಂಗ್ಲಿಷಿನ ವಿಮರ್ಶೆಗಳಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಮೊದಲನೆಯದು ಮೂರನೇ ಪಿನ್. ಬರಿಗಾಲಲ್ಲಿ ನೆಲದ ಮೇಲೆ ಕೂತು, ಚಾರ್ಜಿಗೆ ಹಾಕಿದ ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟರೆ ಸಣ್ಣಗೆ ಜುಮ್ ಎನ್ನುತ್ತದೆ. ಬೆರಳ ತುದಿಯಿಂದ ಸವರಿದರೆ ನವಿರಾದ ಮರಳು ಮುಟ್ಟಿದ ಹಾಗೆ. ಡೆಸ್ಕ್‌ಟಾಪಿನ ಕ್ಯಾಬಿನೆಟ್ಟಾದರೆ ಇನ್ನೂ ಜೋರು. "ಕಂಪ್ಯೂಟರ್ ಶಾಕ್ ಹೊಡೀತಿದೆ, ಕೆಟ್ಟಿದೆ" ಎಂದು ಸರ್ವಿಸ್ ಸೆಂಟರಿಗೆ ಹೊತ್ತೊಯ್ದವರು ಎಷ್ಟೋ ಮಂದಿ, ಅಲ್ಲಿ ಹಾಕಿ ನೋಡಿದರೆ ಶಾಕೇ ಇಲ್ಲ! ವಿದ್ಯುತ್ತಿನ ಗದ್ದಲ ಸೋಸಲೆಂದು ಪವರ್ ಸಪ್ಲೈ ಒಳಗೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವು ಅತಿ ಸಣ್ಣ ಪ್ರಮಾಣದ ಕರೆಂಟನ್ನು ಅರ್ತ್ ತಂತಿಗೆ ಬಿಡುತ್ತವೆ. ಮನೆಯ ಸಾಕೆಟ್ಟಿನ ಮೇಲಿನ ದಪ್ಪ ತೂತಿನ ಹಿಂದೆ ಅರ್ತ್ ತಂತಿಯೇ ಇಲ್ಲದಿದ್ದರೆ, ಅಥವಾ ಅಂಗಳದಲ್ಲಿ ಹೂತ ಅರ್ತ್ ಪೈಪಿನ ಸುತ್ತ ಮಣ್ಣು ಒಣಗಿ ವರ್ಷಗಳಾಗಿದ್ದರೆ, ಆ ಕರೆಂಟು ಲೋಹದ ಮೈಯಲ್ಲೇ ನಿಂತು ಮುಟ್ಟಿದವರ ಮೂಲಕ ನೆಲಕ್ಕಿಳಿಯುತ್ತದೆ. ಇಂಥ ಮನೆಯವರಿಗೆ ಹೊಸ ಲ್ಯಾಪ್‌ಟಾಪ್ ಹೇಳುವುದು ತಪ್ಪು, ವೈರಿಂಗ್ ನೋಡಲು ಎಲೆಕ್ಟ್ರಿಷಿಯನ್ ಬೇಕು. ಇವತ್ತು ಕಂಪ್ಯೂಟರಿನಲ್ಲಿ ಬರೀ ಜುಮ್ ಎಂದದ್ದು, ನಾಳೆ ನೀರು ಕಾಯಿಸುವ ಗೀಸರ್ ಕೆಟ್ಟಾಗ ಪ್ರಾಣಕ್ಕೇ ಬರಬಹುದು.

ಎರಡನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಸಂಜೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ದೂರದ ಗುಡುಗು ಕೇಳಿದೊಡನೆ ಮನೆಯವರು ಎದ್ದು ಟಿ.ವಿ. ಪ್ಲಗ್ ಕಿತ್ತಿಡುತ್ತಾರೆ. ಅದು ಅನುಭವ ಕಲಿಸಿದ ಜಾಣತನ, ಯಾವ ದುಬಾರಿ ಸ್ಪೈಕ್ ಬಸ್ಟರೂ ಅದಕ್ಕೆ ಸಮನಲ್ಲ. ಆದರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ಲೂ ತಾಮ್ರದ್ದೇ, ಹಳೆಯ ಟೆಲಿಫೋನ್ ತಂತಿಯ ಮೋಡೆಮ್ಮಿಗೂ ತಾಮ್ರ, ಮಹಡಿಯಿಂದ ಇಳಿದು ಬರುವ ನೆಟ್‌ವರ್ಕ್ ವೈರೂ ತಾಮ್ರ. ಪ್ಲಗ್ ಕಿತ್ತರೂ ಆ ದಾರಿ ತೆರೆದೇ ಇರುತ್ತದೆ. ಫೈಬರ್ ಸಂಪರ್ಕ ಬಂದ ಮನೆಗಳಲ್ಲಿ ಸಂಕೇತ ಹೊತ್ತು ತರುವುದು ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯದು. ಅಲ್ಲಿ ಅಡಾಪ್ಟರ್ ಕಿತ್ತರೆ ಬಹುಪಾಲು ನಿಶ್ಚಿಂತೆ. ಸಲಹೆ ಕೊಡುವವನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ತೀರ್ಥಹಳ್ಳಿಯ ಅತ್ತೆಮನೆಗೆ ರೂಟರ್ ಆರಿಸುವಾಗ ಅದರ ಆಂಟೆನಾ ಎಷ್ಟು ಎಂದು ನೋಡುವುದಕ್ಕಿಂತ, ಗುಡುಗಿದಾಗ ಏನೇನು ಕೀಳಬೇಕು ಎಂದು ಹೇಳಿಕೊಟ್ಟರೆ ಹೆಚ್ಚು ಉಪಕಾರ.

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಹಳೆಯ ಕಂಪ್ಯೂಟರ್ ಇರುವವರಿಗೆಲ್ಲ ಅಂದಿನಿಂದ ಗಾಬರಿ. ಮಾರುವವರಿಗೆ ಇದೇ ಒಂದು ಕಾರಣವಾಯಿತು. ಇಲ್ಲೂ ನೋಡಬೇಕಾದದ್ದು ಒಂದು ಅಂಕಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನ ಪ್ರೊಸೆಸರ್ ಬೇಕು. ಎಸ್‌.ಪಿ. ರೋಡಿಗೆ ಬಂದ ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿದ್ದದ್ದು ಐ5-8250ಯು. ಐ5 ಆದ ಮೇಲಿನ ಅಂಕಿ 8, ಹಾಗಾಗಿ ಪಾಸ್. ಅದೇ ಐ5-7200ಯು ಆಗಿದ್ದರೆ ಅಧಿಕೃತ ಪಟ್ಟಿಯಿಂದ ಹೊರಗೆ. ಆಗಲೂ ದಾರಿ ಮುಚ್ಚುವುದಿಲ್ಲ: ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟನ್ನು ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಕಂಪನಿ ಹೇಳಿದೆ. ಬ್ರೌಸರ್, ಇಮೇಲ್, ಕನ್ನಡ ಟೈಪಿಂಗ್ ಇಷ್ಟೇ ಸಾಕು ಎನ್ನುವವರಿಗೆ ಲಿನಕ್ಸ್ ಮಿಂಟ್ ಉಚಿತವಾಗಿಯೇ ಸಿಗುತ್ತದೆ. ಲ್ಯಾಪ್‌ಟಾಪಿನ ಮೇಲಿನ ಸ್ಟಿಕ್ಕರ್ ಓದಲು ಅರ್ಧ ನಿಮಿಷ ಸಾಕು, ಅದನ್ನೂ ಓದದೆ "ಇನ್ನು ಇದು ಉಪಯೋಗವಿಲ್ಲ" ಎಂದುಬಿಡುವುದು ಬೇರೆಯವರ ದುಡ್ಡಿನ ಮೇಲಿನ ಅಸಡ್ಡೆ.

ಆ ದುಡ್ಡು ಈಗ ಮೊದಲಿಗಿಂತ ಬೇಗ ಕರಗುತ್ತಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಎಸ್‌.ಪಿ. ರೋಡಿನ ಅಂಗಡಿಗಳಿಗೂ ಚಿರಪರಿಚಿತವಾದ ಕ್ರೂಶಿಯಲ್ ಹೆಸರಿನ ರ‍್ಯಾಮ್, ಎಸ್‌ಎಸ್‌ಡಿಗಳ ಚಿಲ್ಲರೆ ವ್ಯಾಪಾರದಿಂದಲೇ ಹೊರನಡೆಯುವುದಾಗಿ ಅದರ ಒಡೆಯ ಮೈಕ್ರಾನ್ ಕಂಪನಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೀಗಿರುವಾಗ ಹಳೆಯ ಲ್ಯಾಪ್‌ಟಾಪಿನೊಳಗೆ ಆಗಲೇ ಕೂತಿರುವ ರ‍್ಯಾಮ್ ಪಟ್ಟಿಗೂ ಬೆಲೆಯಿದೆ. ಹೊಸದು ಕೊಳ್ಳಲೇಬೇಕಾದರೆ ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ: ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದೋ, ಸ್ಲಾಟ್ ಇದೆಯೋ? ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಸ್ಲಾಟೇ ಇರುವುದಿಲ್ಲ. ಅಡುಗೆಮನೆಯ ಕಟ್ಟೆ ಚಿಕ್ಕದಾದರೆ ಅಟ್ಟದಲ್ಲಿ ಎಷ್ಟು ಪಾತ್ರೆಯಿದ್ದರೂ ಒಟ್ಟಿಗೆ ನಾಲ್ಕು ಪದಾರ್ಥ ಹೆಚ್ಚಲಾಗದು, ರ‍್ಯಾಮ್ ಆ ಕಟ್ಟೆಯಿದ್ದಂತೆ. ಬೆಸುಗೆ ಹಾಕಿದ 8 ಜಿಬಿಯನ್ನು ಇವತ್ತು ಒಪ್ಪಿಕೊಂಡವರು ಆ ಯಂತ್ರ ಇರುವವರೆಗೂ ಎಂಟರಲ್ಲೇ ಇರಬೇಕು.

ಪ್ರಿಂಟರ್ ಬಗ್ಗೆ ಒಂದೇ ಮಾತು. ತಿಂಗಳಿಗೆ ಹತ್ತು ಪುಟ ಕಪ್ಪು-ಬಿಳುಪು ಮುದ್ರಿಸುವ ಮನೆಗೆ ಇಂಕಿನ ಪ್ರಿಂಟರ್ ಬೇಡ, ವಾರಗಟ್ಟಲೆ ಬಳಸದಿದ್ದರೆ ಅದರ ಸೂಜಿಮೊನೆ ಬಾಯಿಗಳಲ್ಲಿ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ಲೇಸರ್‌ನ ಪುಡಿ ಒಣಗುವುದಿಲ್ಲ. ಫ್ರಿಜ್ ಬಗ್ಗೆಯೂ ಒಂದು ಮಾತು: ಕೊಳ್ಳುವವರು ಅದರ ಮೇಲಿನ ವಿದ್ಯುತ್ ಬಳಕೆಯ ಚೀಟಿಯಲ್ಲಿ ನಕ್ಷತ್ರ ಎಣಿಸಿ ನಿಲ್ಲಬಾರದು, ಅದೇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದನ್ನು ಓದಬೇಕು. ನಕ್ಷತ್ರದ ಅಳತೆಗೋಲನ್ನು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಆಗಾಗ ಬಿಗಿಗೊಳಿಸುತ್ತದೆ, ಹಾಗಾಗಿ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಈ ಸಣ್ಣ ಅಂಕಿ ಬಿಲ್ಲಿನ ಪ್ರಶ್ನೆ.

ಇಷ್ಟೆಲ್ಲ ಹೇಳಿದರೂ ಬಿಡಿಭಾಗವೇ ಸಿಗದಿದ್ದರೆ ರಿಪೇರಿಯವನಾದರೂ ಏನು ಮಾಡಿಯಾನು? ಫ್ರಾನ್ಸ್ ದೇಶ 2021ರ ಜನವರಿಯಿಂದ ಫೋನ್, ಲ್ಯಾಪ್‌ಟಾಪ್, ಟಿ.ವಿ.ಗಳ ಮೇಲೆ 'ರಿಪೇರಿಗೆ ಎಷ್ಟು ಸುಲಭ' ಎಂದು ಹತ್ತಕ್ಕೆ ಇಷ್ಟು ಅಂಕ ಎಂದು ಬರೆಯುವುದನ್ನು ಕಡ್ಡಾಯ ಮಾಡಿತು. ಬಿಚ್ಚುವುದು ಎಷ್ಟು ಸಲೀಸು, ಬಿಡಿಭಾಗ ಸಿಗುತ್ತದೆಯೆ, ಅದರ ಬೆಲೆಯೆಷ್ಟು ಎಂಬುದೆಲ್ಲ ಆ ಅಂಕದಲ್ಲಿದೆ. ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕು' ಕುರಿತು ಜಾಲತಾಣ ತೆರೆಯಿತು, ಆಮೇಲೆ ಇಂಥದೇ ಅಂಕಪದ್ಧತಿಯ ಬಗ್ಗೆ ಅಧ್ಯಯನಕ್ಕೆ ಸಮಿತಿಯನ್ನೂ ಮಾಡಿತು. ಆ ಅಂಕ ಅಂಗಡಿಯ ಕಪಾಟಿನಲ್ಲಿ, ಬೆಲೆಚೀಟಿಯ ಪಕ್ಕದಲ್ಲಿ, ಕನ್ನಡದಲ್ಲಿ ಕಾಣಬೇಕು. 2022ರಲ್ಲಿ ಜಗತ್ತು ಎಸೆದ ಎಲೆಕ್ಟ್ರಾನಿಕ್ ತ್ಯಾಜ್ಯ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಅದರಲ್ಲಿ ಶೇ 22.3 ಮಾತ್ರ. ಬೆಂಗಳೂರಿನ ಸಂದಿಗಳಲ್ಲಿ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗವನ್ನು ಬೆಸೆಯುವ ಹುಡುಗರು ಆ ರಾಶಿಗೆ ಸೇರಬೇಕಾದ ಎಷ್ಟೋ ಯಂತ್ರಗಳನ್ನು ದಿನವೂ ಹಿಂದಕ್ಕೆಳೆಯುತ್ತಿದ್ದಾರೆ. ಅವರಿಗೆ ಸರ್ಕ್ಯೂಟ್ ನಕ್ಷೆಯನ್ನೂ ಅಸಲಿ ಬಿಡಿಭಾಗವನ್ನೂ ನ್ಯಾಯವಾದ ಬೆಲೆಗೆ ಕೊಡಿಸುವುದು ಸರ್ಕಾರದಿಂದಲೇ ಆಗಬೇಕಾದ ಕೆಲಸ.

ಸಲಹೆ ಅಂಗಡಿ ಬಾಗಿಲಿಗೇ ಮುಗಿಯುವುದಿಲ್ಲ. ಯಂತ್ರ ಕೊಡಿಸಿದವರು ಆಮೇಲೊಂದು ಭಾನುವಾರ ಅದೇ ಮನೆಗೆ ಹೋಗಿ, ಫೋಟೊಗಳು ಎಲ್ಲಿವೆ ಎಂದು ಕೇಳಬೇಕು. ಉತ್ತರ ಬಹಳ ಸಲ ಒಂದೇ: "ಎಲ್ಲಾ ಇದರಲ್ಲೇ ಇದೆ." ಅಪ್ಪನ ಷಷ್ಟಿಪೂರ್ತಿ, ಮಗುವಿನ ಮೊದಲ ಹೆಜ್ಜೆ, ಈಗಿಲ್ಲದ ಅಜ್ಜಿಯ ದನಿ ಎಲ್ಲವೂ ಒಂದೇ ತಟ್ಟೆಯ ಮೇಲೆ. ಹಾರ್ಡ್‌ಡಿಸ್ಕ್ ಸಾಯುವ ಮುನ್ನ ಎಷ್ಟೋ ಸಲ ಸದ್ದು ಮಾಡುತ್ತದೆ: ಮುಳ್ಳು ಜಾಗ ಸಿಗದೆ ಹಿಂದಕ್ಕೆ ಬಂದು ಬಡಿಯುವ ಟಕ್, ಟಕ್. ಆ ಸದ್ದು ಕೇಳಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು, ಪ್ರತಿ ಪ್ರಯತ್ನದಲ್ಲೂ ತಟ್ಟೆ ಗೀಚಿ ಉಳಿದದ್ದೂ ಹೋಗಬಹುದು. ತಕ್ಷಣ ಆಫ್ ಮಾಡಿ ದತ್ತಾಂಶ ಮರಳಿ ತೆಗೆಯುವವರ ಬಳಿಗೆ ಒಯ್ಯಬೇಕು.

ಆ ಹುಡುಗಿಯ ಹಾರ್ಡ್‌ಡಿಸ್ಕ್ ಇನ್ನೂ ಸದ್ದು ಮಾಡುತ್ತಿರಲಿಲ್ಲ. ಅಂಗಡಿಯವನು ಅದನ್ನು ಒಂದು ಪ್ಲಾಸ್ಟಿಕ್ ಕೇಸಿಗೆ ಹಾಕಿ, ಯುಎಸ್‌ಬಿ ವೈರ್ ಸಿಕ್ಕಿಸಿ, ಅವಳ ಮುಂದೆಯೇ ತೆರೆದು ತೋರಿಸಿದ. ಒಳಗೆ ಅಣ್ಣನ ಹೆಸರಿನ ಫೋಲ್ಡರ್, ಅದರೊಳಗೆ ಊರ ಜಾತ್ರೆಯ ಚಿತ್ರಗಳು. "ಇವನ್ನ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡ್ಕೊ" ಎಂದು ಹೇಳಿ, ಸರದಿಯಲ್ಲಿದ್ದ ಮುಂದಿನ ಲ್ಯಾಪ್‌ಟಾಪನ್ನು ಎಳೆದುಕೊಂಡ.